ನಾಲ್ಕನೇ ಜ್ವರದ ಚರಿತ್ರೆ

ಜನರನ್ನು ಕರೆದುಕೊಂಡು ಊರು ತೋರಿಸುವವನು ಹಿಮ್ಮುಖವಾಗಿ ನಡೆಯಬೇಕಾಗುತ್ತದೆ ಎಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ. ಮುಖ ಕೇಳುಗರ ಕಡೆಗೆ, ಬೆನ್ನು ಹೋಗಬೇಕಾದ ದಿಕ್ಕಿಗೆ. ಬೆನ್ನ ಹಿಂದೆ ಒಂದು ಸ್ಕೂಟರು, ಎರಡು ಹಸು, ಚಪ್ಪಡಿ ಕಳೆದುಕೊಂಡ ಒಂದು ಚರಂಡಿ. ಜೀವಮಾನವಿಡೀ ಇತಿಹಾಸ ಪಾಠ ಮಾಡಿದವನಿಗೆ ಗತಕ್ಕೆ ಮುಖ ಮಾಡಿಕೊಂಡು ಮುಂದಕ್ಕೆ ಸಾಗುವುದು ಹೊಸದೇನಲ್ಲ. ಆದರೂ ಮೊದಲ ನಡಿಗೆಯಲ್ಲೇ ನಾನು ಚರಂಡಿಗೆ ಒಂದು ಕಾಲಿಟ್ಟು, ಚರಿತ್ರೆಗಿಂತ ಹೆಚ್ಚು ಚಪ್ಪಾಳೆಯನ್ನು ಆ ಕಾಲಿಗೇ ಗಿಟ್ಟಿಸಿಕೊಂಡೆ.

ರಾಮನಗರದಲ್ಲಿರುವ ನಮ್ಮ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರದವರು ಪ್ರತಿ ತಿಂಗಳ ಎರಡನೇ ಭಾನುವಾರ ಈ ನಡಿಗೆಯನ್ನು ಏರ್ಪಡಿಸುತ್ತಾರೆ. ಕೇಂದ್ರ ಮೊದಲು ಶುರುವಾದ ಹಳೆಯ ಬಾಡಿಗೆ ಕಟ್ಟಡದಿಂದ ಹೊರಟು, ರೇಷ್ಮೆಗೂಡಿನ ಮಾರುಕಟ್ಟೆಯ ಪಕ್ಕದಲ್ಲಿ ಹಾದು, ಊರಾಚೆಯ ಹೊಸ ಆವರಣ ತಲುಪುವುದು. ಅಲ್ಲಿ ಸಭಾಂಗಣದಲ್ಲಿ ಅರ್ಧ ಗಂಟೆಯ ಉಪನ್ಯಾಸ, ಆಮೇಲೆ ಉಪ್ಪಿಟ್ಟು. ಮೊದಲ ತಂಡದ ವಿದ್ಯಾರ್ಥಿಯೂ, ಮುಂದೆ ಅಲ್ಲೇ ಅಧ್ಯಾಪಕನೂ ಆದ ನನ್ನನ್ನು ಮಾರ್ಗದರ್ಶಿಯನ್ನಾಗಿ ಆರಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಸಾಕ್ಷಿಗಳು ವಿರಳವಾದಷ್ಟೂ ಇದ್ದವನ ಮಾತಿಗೆ ಬೆಲೆ ಹೆಚ್ಚುತ್ತದೆ. ಆ ಬೆಲೆಯನ್ನು ನಾನು ಸ್ವಲ್ಪ ಧಾರಾಳವಾಗಿಯೇ ಬಳಸಿಕೊಂಡೆ ಎಂದು ಈಗ ಅನ್ನಿಸುತ್ತದೆ.

ಹಳೆಯ ಕಟ್ಟಡದ ಕೆಳಗಡೆ ನೂಲು ಬಿಚ್ಚುವ ಕಾರ್ಖಾನೆ, ಮೇಲ್ಮಹಡಿಯಲ್ಲಿ ನಮ್ಮ ತರಗತಿ. ರೇಷ್ಮೆಗೂಡು ಬೇಯುವ ವಾಸನೆ ಮೆಟ್ಟಿಲು ಹತ್ತಿ ನಮಗಿಂತ ಮೊದಲೇ ಹಾಜರಾಗಿರುತ್ತಿತ್ತು. ಯಾರೋ ದೂರಿದಾಗ ಕಟ್ಟಡದ ಯಜಮಾನರಾದ ಮೆಹಬೂಬ್ ಸಾಬರು, "ಮೂಗು ಮುಚ್ಕೊಳಿ ಸ್ವಾಮಿ, ಪಾಠ ಕೇಳೋದು ಕಿವೀಲಿ ತಾನೆ?" ಎಂದಿದ್ದರು. ಈ ಮಾತಿಗೆ ನಡಿಗೆಯವರು ನಕ್ಕೇ ನಗುತ್ತಿದ್ದರು. ಅವರು ನಗುತ್ತಿರುವಾಗಲೇ ನಾನು ನನ್ನ ಅಚ್ಚುಮೆಚ್ಚಿನ ಕತೆಗೆ ಹೊರಳುತ್ತಿದ್ದೆ.

ನಮ್ಮ ತರಗತಿಯಲ್ಲಿ ಹೊಂಗನೂರಿನ ಕಡೆಯಿಂದ ಬರುವ ಒಬ್ಬ ಹುಡುಗಿ ಇದ್ದಳು. ಎರಡು ಬಸ್ಸು ಬದಲಿಸಿ ಬರುತ್ತಿದ್ದವಳು ದಿನವೂ ಹತ್ತು ನಿಮಿಷ ತಡ. ಬಾಗಿಲ ಬಳಿಯ ಕೊನೆಯ ಬೆಂಚಿನಲ್ಲಿ ಕೂತರೆ ಕ್ಷಣದಲ್ಲಿ ತೂಕಡಿಕೆ. ಒಂದು ದಿನ ಪ್ರಾಧ್ಯಾಪಕರು ವಿಜಯನಗರದ ಪತನವನ್ನು ಕಣ್ಣಿಗೆ ಕಟ್ಟುವಂತೆ ವಿವರಿಸಿ, "ಇಷ್ಟು ದೊಡ್ಡ ಸಾಮ್ರಾಜ್ಯ ಹೀಗೆ ನಿಶ್ಚಲವಾಗಿ ಕೂತುಬಿಟ್ಟದ್ದಕ್ಕೆ ಕಾರಣವೇನು?" ಎಂದು ಅವಳತ್ತ ಬೆರಳು ತೋರಿದರು. ಪಕ್ಕದವಳು ತಿವಿದಳು. ಹುಡುಗಿ ತಟ್ಟನೆ ಎದ್ದು, "ನಾಲ್ಕನೇ ಜ್ವರ ಸಾರ್" ಎಂದಳು. ರೇಷ್ಮೆಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಮೇವು ಬಿಟ್ಟು, ಕದಲದೆ ಕೂತು, ಪೊರೆ ಕಳಚುತ್ತದೆ. ನಮ್ಮ ಸೀಮೆಯವರು ಅದನ್ನು ಜ್ವರ ಎನ್ನುತ್ತಾರೆ. ಸಾಮ್ರಾಜ್ಯಕ್ಕೆ ಹುಳುವಿನ ಜ್ವರ ಬಂದದ್ದು ಕೇಳಿ ತರಗತಿ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಅವಳ ಹೆಸರೇ ನಾಲ್ಕನೇ ಜ್ವರ.

ಇದು ನಾನು ಹೇಳುತ್ತಿದ್ದ ಕತೆ. ಇತಿಹಾಸ ಎಂಬ ಪದದಲ್ಲೇ ಹಾಸವಿದೆ ಎಂದು ಕೊನೆಗೊಂದು ಒಗ್ಗರಣೆ ಹಾಕುತ್ತಿದ್ದೆ. ಹೇಳದೆ ಬಿಡುತ್ತಿದ್ದದ್ದು ಒಂದೇ ಸಂಗತಿ: ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಆ ಹೆಸರನ್ನು ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ಬರೆದವನು ನಾನು. ಕತೆಯಲ್ಲಿ ಹೆಸರು ತಾನಾಗಿಯೇ ಹುಟ್ಟಿಕೊಳ್ಳುತ್ತಿತ್ತು.

ಕಳೆದ ಚಳಿಗಾಲದ ಒಂದು ಭಾನುವಾರ ನಡಿಗೆಗೆ ಕನಕಪುರದ ಇಬ್ಬರು ಮೇಷ್ಟರು, ಮಾಗಡಿಯ ಒಂದಷ್ಟು ವಿದ್ಯಾರ್ಥಿಗಳು, ಜೊತೆಗೆ ಕಂದು ಸ್ವೆಟರಿನ, ಅರವತ್ತು ದಾಟಿದ ಒಬ್ಬ ಹೆಂಗಸು ಬಂದಿದ್ದರು. ಪತ್ರಿಕೆಯಲ್ಲಿ ನೋಡಿ ಬಂದೆ ಎಂದಷ್ಟೇ ಹೇಳಿದ್ದರು. ಕತೆ ಮುಗಿದು ಎಲ್ಲರೂ ನಗುತ್ತಿರುವಾಗ ಅವರು ಕೇಳಿದರು:

"ಆಮೇಕೆ ಆ ಹುಡ್ಗಿ ಏನಾದ್ಲು ಸಾ?"

ಇಷ್ಟು ನಡಿಗೆಗಳಲ್ಲಿ ಯಾರೂ ಕೇಳದ ಪ್ರಶ್ನೆ. ಎರಡನೇ ವರ್ಷ ಅವಳು ಬರಲಿಲ್ಲ ಎಂಬುದಷ್ಟೇ ನನಗೆ ನೆನಪು. ಗೊತ್ತಿಲ್ಲ ಎನ್ನುವುದು ಮೇಷ್ಟರ ನಾಲಿಗೆಗೆ ಒಗ್ಗದ ಪದ. "ಮದುವೆಯಾಗಿ ಸುಖವಾಗಿದ್ದಾರಂತೆ" ಎಂದುಬಿಟ್ಟೆ. ಆಕೆ ತಲೆಯಾಡಿಸಿದರು.

ಹೊಸ ಆವರಣದಲ್ಲಿ ಉಪನ್ಯಾಸ ಮುಗಿದು ಜನ ಉಪ್ಪಿಟ್ಟಿನ ಕಡೆ ಹೊರಟಾಗ ಆಕೆ ಮಾತ್ರ ಕುರ್ಚಿ ಬಿಡಲಿಲ್ಲ. ನಾನು ಹತ್ತಿರ ಹೋದೆ.

"ಆ ಹುಡ್ಗಿ ನಾನೇಯ. ಪುಟ್ಟತಾಯಿ. ಮದ್ವೆ ಆಗಿದ್ದು ದಿಟ. ಸುಖದ ಮಾತು ನಿಮ್ಗೆ ಯಾರು ಹೇಳುದ್ರೋ ಕಾಣೆ."

ನಾನು ಪಕ್ಕದ ಕುರ್ಚಿಯಲ್ಲಿ ಕೂತೆ. ಕ್ಷಮೆ ಕೇಳಲು ಬಾಯಿ ತೆರೆದರೆ, ಬಂದದ್ದು ಇನ್ನೊಂದು ಅಹಂಕಾರದ ಮಾತು: "ನಾವು ನಕ್ಕಿದ್ದಕ್ಕೇ ಓದು ಬಿಟ್ಟಿರಾ?"

"ನೀವು ನಕ್ರಿ ಅಂತ ಬುಡಕ್ಕೆ ನೀವೇನು ಅಷ್ಟು ದೊಡ್ಡೋರಾ? ವರ್ಷ ತುಂಬೋ ಹೊತ್ಗೆ ಅವ್ವಂಗೆ ಲಕ್ವ ಹೊಡೀತು. ಹುಳಕ್ಕೆ ಸೊಪ್ಪು ಹಾಕೋರು ಇರ್ನಿಲ್ಲ. ಮೊದ್ಲಿಂದ್ಲೂ ಕೋಳಿ ಕೂಗಕ್ಕೆ ಮುಂಚೆ ಎದ್ದು ಸೊಪ್ಪು ಹಾಕಿ ಬತ್ತಿದ್ದೆ, ಅದ್ಕೇ ನಿದ್ದೆ. ಎರಡೂ ಆಗ್ನಿಲ್ಲ, ಬುಟ್ಟೆ."

ಆಮೇಲೆ ಆಕೆ ಹೇಳಿದ್ದು ನನಗೆ ಗೊತ್ತೇ ಇಲ್ಲದ ಸಂಗತಿ. ಆ ಘಟನೆಯಾದ ಮುಂದಿನ ಭಾನುವಾರ ಪ್ರಾಧ್ಯಾಪಕರು ಕೊಡೆ ಹಿಡಿದು ಬಸ್ಸಿನಲ್ಲಿ ಆಕೆಯ ಊರಿಗೆ ಬಂದರಂತೆ. ಚಪ್ಪಲಿ ಬಿಟ್ಟು ಹುಳುವಿನ ಮನೆಯೊಳಗೆ ನಿಂತು, ಇಡೀ ಮಧ್ಯಾಹ್ನ ಆಕೆಯ ತಾಯಿಯನ್ನು ಪ್ರಶ್ನೆ ಕೇಳಿ ಬರೆದುಕೊಂಡರಂತೆ. ಹೊರಡುವಾಗ, ಈ ಸೀಮೆಯ ರೇಷ್ಮೆಯ ಚರಿತ್ರೆಯನ್ನು ಇನ್ನೂ ಯಾರೂ ಸರಿಯಾಗಿ ಬರೆದಿಲ್ಲ, ನೀನೇ ಬರಿ ಎಂದರಂತೆ. ಆಕೆ ಬರೆಯಲು ಶುರುಮಾಡಿದರು. ಒಂದು ನೋಟ್‌ಬುಕ್ ತುಂಬುವಷ್ಟು ಬರೆದರು. ಓದು ನಿಂತ ಮೇಲೂ ಮೇಷ್ಟರ ಕಾಗದ ಬರುತ್ತಿತ್ತು, ಅವರು ತೀರಿಕೊಳ್ಳುವವರೆಗೆ.

ನಾವೆಲ್ಲ ಅವರ ನೆಚ್ಚಿನ ಶಿಷ್ಯರೆಂದು ಬೀಗುತ್ತಿದ್ದೆವು. ನನಗೆ ಅವರಿಂದ ಒಂದು ಕಾಗದವೂ ಬಂದಿರಲಿಲ್ಲ.

"ನಗ್ಸೋದು ಬ್ಯಾಡ ಅನ್ನಕ್ಕಿಲ್ಲ" ಎಂದರು ಪುಟ್ಟತಾಯಮ್ಮ. "ನಗೋವಂಗೇ ಇತ್ತು ಅದು. ನನ್ ಕತೆಯ ಅಲ್ಲಿಗೇ ನಿಲ್ಲುಸ್ಬುಡ್ತೀರಲ್ಲ, ಅದೊಂದು ಒಸಿ ಬೇಜಾರಾಯ್ತು."

ನೀವು ಗಮನಿಸಿರಬಹುದು: ಬೈದರೆ ಮನಸ್ಸು ಕೂಡಲೇ ವಕೀಲನಾಗಿ ಎದ್ದು ನಿಲ್ಲುತ್ತದೆ. ಒಸಿ ಬೇಜಾರು ಎಂದರೆ ಆ ವಕೀಲನಿಗೆ ಹೇಳಲು ಏನೂ ಇರುವುದಿಲ್ಲ. ಅಂದು ಮನೆಗೆ ಹೋಗುವ ದಾರಿಯಲ್ಲಿ ನನ್ನ ಇತರ ಕತೆಗಳನ್ನೂ ಒಂದೊಂದಾಗಿ ನೆನೆದುಕೊಂಡೆ. ತೊದಲುವ ಗುಮಾಸ್ತ, ಪ್ರತಿ ಪರೀಕ್ಷೆಯಲ್ಲೂ ಫೇಲಾಗುತ್ತಿದ್ದ ಸೋಲೂರಿನ ಗೆಳೆಯ. ಎಲ್ಲವೂ ನಗು ಬಂದ ಕಡೆಗೆ ನಿಂತಿದ್ದವು. ಆಮೇಲೆ ಅವರು ಏನಾದರು ಎಂದು ನಾನು ಒಮ್ಮೆಯೂ ವಿಚಾರಿಸಿರಲಿಲ್ಲ. ಒಂದು ಸಂಸ್ಥೆಯ ಚರಿತ್ರೆ ಎಂದು ನಾನು ತೋರಿಸುತ್ತಿದ್ದದ್ದು ನನ್ನ ತಮಾಷೆಗಳ ವಸ್ತುಸಂಗ್ರಹಾಲಯವನ್ನು.

ಮುಂದಿನ ತಿಂಗಳ ನಡಿಗೆಯಲ್ಲಿ ಹಳೆಯ ಕಟ್ಟಡದ ಮುಂದೆ ನೀವೇ ಮಾತಾಡಬೇಕು ಎಂದು ಫೋನಿನಲ್ಲಿ ಕೇಳಿಕೊಂಡೆ. ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಾಗದಿದ್ದರೆ ಬರುತ್ತೇನೆ ಎಂದರು. ಬಂದರು. ನೋಟ್‌ಬುಕ್ಕನ್ನು ತಂದಿರಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ. ಹುಳು ಯಾವ ಜ್ವರಕ್ಕೆ ಎಷ್ಟು ಹೊತ್ತು ಕೂರುತ್ತದೆ, ಯಾವ ಬಸ್ಸು ತಪ್ಪಿದರೆ ಯಾವ ಪಾಠ ತಪ್ಪುತ್ತಿತ್ತು, ಮರುದಿನ ಬೋರ್ಡಿನ ಮೇಲೆ ತನ್ನ ಅಡ್ಡಹೆಸರು ಹೇಗೆ ಕಾಣಿಸಿತು, ಕೊಡೆ ಹಿಡಿದ ಮೇಷ್ಟರು ಅವ್ವನ ಮುಂದೆ ಎಷ್ಟು ವಿನಯದಿಂದ ನಿಂತಿದ್ದರು ಎಲ್ಲವನ್ನೂ ಸಾವಕಾಶವಾಗಿ ಹೇಳಿದರು. ಜನ ನಗಬೇಕಾದಲ್ಲಿ ನಕ್ಕರು, ನಕ್ಕ ಮೇಲೂ ಕೇಳುತ್ತ ನಿಂತರು. ನಾನು ಗುಂಪಿನ ಹಿಂದುಗಡೆ ಇದ್ದೆ.

ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಮೇಡಂ, ಬೋರ್ಡಿನ ಮೇಲೆ ಆ ಹೆಸರು ಬರೆದಿದ್ದು ಯಾರು?"

"ಯಾರೋ ಹುಡುಗ್ರು ಕಣವ್ವ. ಈಗ ನೆಪ್ಪಿಲ್ಲ" ಎಂದರು ಪುಟ್ಟತಾಯಮ್ಮ.

ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೂ ಹಿಂದಿನಿಂದ ಕೈ ಎತ್ತಿದೆ, ತರಗತಿಯಲ್ಲಿ ಎತ್ತುವಂತೆ.

"ನಾನು" ಎಂದೆ. "ಬರೆದವನು ನಾನು. ತಪ್ಪಾಯಿತು."

ಎಲ್ಲರ ತಲೆಗಳೂ ನನ್ನತ್ತ ತಿರುಗಿದವು. ಯಾರೂ ನಗಲಿಲ್ಲ. ಪುಟ್ಟತಾಯಮ್ಮ ಸೆರಗು ತಲೆಗೆ ಎಳೆದುಕೊಂಡರು.

"ಗೊತ್ತು. ಆವತ್ತೇ ಗೊತ್ತಿತ್ತು. ಕೈಯೆಲ್ಲ ಸೀಮೆಸುಣ್ಣ ಮೆತ್ಕಂಡು ಮುಂದುಗಡೆ ಬೆಂಚ್ನಲ್ಲಿ ಕೂತಿದ್ದೋರು ನೀವೊಬ್ರೇ. ಜ್ವರಕ್ಕೆ ವತ್ತು ಬುಟ್ಟು ಬರೀ ಜರ ಅಂತ ಬರ್ದಿದ್ರಿ. ಪಾಠ ಮುಗ್ದು ಎಲ್ರೂ ಹೋದ್ಮೇಕೆ ನಾನು ವತ್ತು ಹಾಕಿ ಸರಿ ಮಾಡ್ಬುಟ್ಟು, ಆಮೇಕೆ ಅಳುಸ್ದೆ. ಈಗ ನಡೀರಿ, ಬಿಸ್ಲಾಯ್ತದೆ."