ಖಾಡಿಗೆ ಬಿದ್ದ ಗಣಪತಿ

ಕಳವಾ ದಾಟಿ ಲೋಕಲ್ ರೈಲು ಸಮುದ್ರದ ನೀರು ಒಳನುಗ್ಗುವ ಖಾಡಿಯ ಸೇತುವೆಗೆ ಬರುತ್ತಲೇ ಕೊಳೆತ ಚೆಂಡುಹೂವಿನ ವಾಸನೆ ಮೂಗಿಗೆ ಬಡಿಯಿತು. ನನ್ನ ಭುಜದ ಮೇಲಿಂದ ಒಂದು ಕೈ ಚಾಚಿ ಬಂದು, ನಿರ್ಮಾಲ್ಯ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಬಾಗಿಲಾಚೆ ಎಸೆಯಿತು. ಎಸೆದಾಕೆ ಅದೇ ಕೈಯನ್ನು ಕಣ್ಣಿಗೊತ್ತಿಕೊಂಡು ಮತ್ತೆ ಮೊಬೈಲ್ ಒತ್ತತೊಡಗಿದಳು. ದೇವರ ಹೂವನ್ನು ಕಸದ ಡಬ್ಬಿಗೆ ಹಾಕಬಾರದಂತೆ. ಅದಕ್ಕೇ ಖಾಡಿಯನ್ನೇ ಕಸದ ಡಬ್ಬಿ ಮಾಡಿಕೊಂಡಿದ್ದೇವೆ. ಪ್ಲಾಸ್ಟಿಕ್ಕಿಗೂ ಮೋಕ್ಷ ಸಿಗುತ್ತದೋ ಏನೋ.

"ಮಮ್ಮಾ, ಪೂಜಾ, ಧರಮ್, ಯೇ ಸಬ್ ಲೋಗೋಂ ನೇ ಶುರೂ ಹೀ ಕ್ಯೂಂ ಕಿಯಾ?" ಎಂದಳು ಪಕ್ಕದಲ್ಲಿದ್ದ ಮಗಳು. ಕನ್ನಡ ಅವಳ ಕಿವಿಗೆ ಹೋಗುತ್ತದೆ, ಬಾಯಿಂದ ಹಿಂದಿಯಾಗಿ ಹೊರಬರುತ್ತದೆ. ಅವಳ ಪ್ರವೇಶ ಪರೀಕ್ಷೆಗೆಂದು ಡೊಂಬಿವಲಿಯಿಂದ ಖಾರಘರಕ್ಕೆ ಹೊರಟಿದ್ದೆವು.

ನಮ್ಮ ಕುಲದಲ್ಲೇ ಮೊದಲು ಡಿಗ್ರಿ ಮಾಡಿದವಳು ನಾನು, ಅದೂ ಸಮಾಜಶಾಸ್ತ್ರದಲ್ಲಿ. ಪೂಜೆ, ಧರ್ಮ ಇವನ್ನೆಲ್ಲ ಜನ ಶುರುಮಾಡಿದ್ದೇ ಯಾಕೆ ಎಂದು ಇಂಥವಳನ್ನು ಕೇಳುವುದೆಂದರೆ ಹಸಿದವನಿಗೆ ಎಲೆ ಹಾಕಿದ ಹಾಗೆ. ಆದಿಮಾನವ ಗುಡುಗಿಗೆ ಹೆದರಿದ, ಸತ್ತವರನ್ನು ಕನಸಿನಲ್ಲಿ ಕಂಡ, ಗುಂಪು ಚದುರದಿರಲೆಂದು ಕಟ್ಟಳೆ ಮಾಡಿಕೊಂಡ ಎಂದು ಶುರುಮಾಡಿದೆ. ಠಾಣೆ ಬರುವಷ್ಟರಲ್ಲಿ ಅವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದಳು. ಉಳಿದದ್ದನ್ನು ನಿಮಗೆ ಹೇಳುತ್ತೇನೆ. ನೀವು ಪಾಪ, ತಪ್ಪಿಸಿಕೊಳ್ಳುವಂತಿಲ್ಲ.

ಧರ್ಮ ಹೇಗೆ ಹುಟ್ಟಿತೆಂದು ಪಂಡಿತರು ಊಹಿಸುತ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ, ಡೊಂಬಿವಲಿಯ ನಮ್ಮ ಒಂದೇ ರೂಮಿನ ಮನೆಯಲ್ಲಿ, ಗ್ಯಾಸ್ ಸಿಲಿಂಡರಿನ ಪಕ್ಕದಲ್ಲಿ.

ಅಪ್ಪ ಠಾಣೆಯ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದರು. ಅಮ್ಮ ಉಡುಪಿ ಕಡೆಯಿಂದ ಬರುವಾಗ ಸೆರಗಿನಲ್ಲಿ ಗಂಟು ಹಾಕಿ ತಂದ ಬೆಳ್ಳಿಯ ಗಣಪತಿಯೊಬ್ಬ ಅಡುಗೆಯ ಹಲಗೆಯ ಮೇಲೆ ಕೂತಿದ್ದ. ಹೆಬ್ಬೆರಳ ತುದಿಯಷ್ಟು ಗಾತ್ರ, ಆದರೆ ಮನೆಯ ಲೆಕ್ಕಾಚಾರವೆಲ್ಲ ಅವನದೇ. ನಳದಲ್ಲಿ ನೀರು ಬಂದರೆ ಗಣಪತಿಯ ದಯೆ, ಬರದಿದ್ದರೆ ಮುನಿಸಿಪಾಲಿಟಿಯ ತಪ್ಪು. ಬಾಸ್ ಎಂದರೆ ಹೀಗಿರಬೇಕು.

ನನಗೆ ಹೊಟ್ಟೆ ಉರಿಯುತ್ತಿದ್ದದ್ದು ನೀರಿನ ವಿಷಯಕ್ಕಲ್ಲ. ಹಗಲು ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಿಂತು, ಸಂಜೆ ಕ್ಲಾಸಿಗೆ ಓಡಿ, ರೈಲಿನಲ್ಲಿ ಮುಂದಿನವಳ ಬೆನ್ನಿಗೆ ಪುಸ್ತಕ ಆನಿಸಿಕೊಂಡು ಓದಿದವಳು ನಾನು. ಪಾಸಾದಾಗಲೆಲ್ಲ ಅಮ್ಮ ಹೇಳುತ್ತಿದ್ದದ್ದು ಒಂದೇ ಮಾತು: "ಗಣಪತಿ ಪಾಸು ಮಾಡಿಸಿದ."

"ಪೇಪರ್ ಬರೆದದ್ದು ನಾನಮ್ಮ!"

"ಪೆನ್ನು ನಡೆಸಿದ್ದು ಯಾರು?"

ಬಿ.ಎ. ಕೊನೆಯ ವರ್ಷದ ರಿಸಲ್ಟು ಇನ್ನೇನು ಬರಬೇಕು ಎನ್ನುವಾಗ ಅಮ್ಮ ಒಂದು ಬೆಳಿಗ್ಗೆ ಗಣಪತಿಯನ್ನು ತೊಳೆದು, ಬಾಡಿದ ಹೂವಿದ್ದ ತಟ್ಟೆಯಲ್ಲೇ ಇಟ್ಟರು. ಆಮೇಲೆ ಹಾಲು ಉಕ್ಕಿತೆಂದು ಓಡಿದರು. ಬಂದವರೇ ಅವಸರದಲ್ಲಿ ತಟ್ಟೆಯನ್ನು ಚೀಲಕ್ಕೆ ಮಗುಚಿ, ಗಂಟು ಹಾಕಿ ಅಪ್ಪನ ಕೈಗೆ ಕೊಟ್ಟರು. ಅಪ್ಪ ವಾರದ ಪದ್ಧತಿಯಂತೆ ಖಾಡಿ ಬಂದಾಗ ಎಸೆದು, ಕೈಮುಗಿದು, ಡ್ಯೂಟಿಗೆ ಹೋದರು.

ಸಂಜೆ ಮನೆಯಲ್ಲಿ ಪ್ರಳಯ.

"ಬಿಸಾಡುವ ಮೊದ್ಲು ಒಮ್ಮೆ ನೋಡ್ಲಿಕ್ಕೆ ಆಗ್ಲಿಲ್ವಾ ನಿಮ್ಗೆ?"

"ನಿರ್ಮಾಲ್ಯ ಬಿಚ್ಚಿ ನೋಡುವ ಕ್ರಮ ಉಂಟಾ ಮಾರಾಯ್ತಿ? ಕಟ್ಟಿಕೊಟ್ಟದ್ದು ನೀನು."

"ಅಯ್ಯೋ ದೇವ್ರೇ!"

"ಸುಮ್ನೆ ಕರೀಬೇಡ. ಅವ ಬರ್ಬೇಕಾದ್ರೆ ಈಜು ಕಲೀಬೇಕು."

ಅಮ್ಮ ಊಟ ಬಿಟ್ಟರು. "ಇವಳ ರಿಸಲ್ಟ್ ಇನ್ನು ಯಾರು ನೋಡಿಕೊಳ್ಳುದು?" ಎಂದು ಖಾಲಿ ಹಲಗೆಯನ್ನೇ ನೋಡುತ್ತ ಕೂತರು. ನನಗೋ ಒಳಗೊಳಗೇ ಹಬ್ಬ. ಈ ಸಲ ಪಾಸಾದರೆ ನಾನೇ ಪಾಸು. ಮಾರ್ಕಿನಲ್ಲಿ ಪಾಲು ಕೇಳುವವನು ಖಾಡಿಯ ತಳದಲ್ಲಿದ್ದಾನೆ!

ಹಬ್ಬ ಮರುದಿನ ಮಧ್ಯಾಹ್ನದವರೆಗೂ ಉಳಿಯಲಿಲ್ಲ. ಮೇಲಿನ ಮಾಳಿಗೆಯಲ್ಲಿ ಮೈಸೂರಿನ ರಾಯರೊಬ್ಬರಿದ್ದರು. ಬ್ಯಾಂಕಿನ ಅಧಿಕಾರಿ. ಎಲ್ಲದರ ಹಿಂದೆಯೂ ಸೈನ್ಸ್ ಇದೆ ಎನ್ನುವ ಜಾತಿ. ಯಾವ ಸೈನ್ಸ್ ಎಂದು ಕೇಳಿದರೆ ಕಾಫಿ ಆರುತ್ತಿದೆ ಎಂದು ಏಳುತ್ತಿದ್ದರು. ಬೆಳಿಗ್ಗೆ ಅಮ್ಮನ ಅಳು ಕೇಳಿ ಇಳಿದು ಬಂದರು. "ಅಳ್ಬೇಡೀಮ್ಮಾ. ಅಕ್ಕಿ ಮೇಲೊಂದು ಅಡಿಕೆ ಇಟ್ಟು ಗಣಪತಿ ಅಂದ್ಕೊಳ್ಳಿ, ಸಾಕು. ದೇವ್ರು ಅಡ್ಜಸ್ಟ್ ಮಾಡ್ಕೋತಾನೆ."

ಅಡಿಕೆ ಬಂದದ್ದು ಅಪ್ಪನ ಎಲೆ-ಅಡಿಕೆ ಡಬ್ಬಿಯಿಂದ. ಒಂದು ಗಂಟೆ ತಡವಾಗಿದ್ದರೆ ಅಡಕತ್ತರಿಗೆ ಸಿಕ್ಕಿ ಅಪ್ಪನ ದವಡೆಯಲ್ಲಿರುತ್ತಿತ್ತು. ಅಮ್ಮ ಅದಕ್ಕೆ ಕುಂಕುಮ ಹಚ್ಚಿದರು. ಮಧ್ಯಾಹ್ನಕ್ಕೆ ಅದಕ್ಕೆ ಮಡಿ ಬಂತು. ಅಪ್ಪ ಕೈ ಚಾಚಿದ್ದೇ "ಮುಟ್ಬೇಡಿ!" ಎಂದು ಕೂಗು. ಸಂಜೆಗೆ ಕಟ್ಟಳೆ ಬಂತು: ಆ ಹಲಗೆಯ ಕಡೆ ಕಾಲು ನೀಡಬಾರದು. ಮರುದಿನ ಬಾರದೆ ಸತಾಯಿಸುತ್ತಿದ್ದ ಗ್ಯಾಸ್ ಸಿಲಿಂಡರ್ ಬಂತು, ಪವಾಡವೂ ಆಯಿತು. ಗುಡುಗಿಲ್ಲ, ಮಿಂಚಿಲ್ಲ, ಸತ್ತವರ ಕನಸಿಲ್ಲ. ಒಂದು ಗೋಟಡಿಕೆ. ನನ್ನ ಪ್ರೊಫೆಸರರು ಒಂದು ಸೆಮಿಸ್ಟರ್ ತೆಗೆದುಕೊಂಡದ್ದನ್ನು ಅಮ್ಮ ಎರಡು ದಿನದಲ್ಲಿ ಮುಗಿಸಿದರು.

ರಿಸಲ್ಟು ಬಂತು. ಸೆಕೆಂಡ್ ಕ್ಲಾಸ್. ಮೆಟ್ಟಿಲು ಹಾರಿಕೊಂಡು ಬಂದು ಹೇಳಿದರೆ, ಅಮ್ಮ ನನ್ನ ಮುಖ ನೋಡುವ ಮೊದಲು ಅಡಿಕೆಗೆ ದೀಪ ಹಚ್ಚಿದರು. "ನೋಡು, ಹೊಸಬನಾದ್ರೂ ಎಂಥ ಚುರುಕು!"

ನನಗೆ ರೇಗಿಹೋಯಿತು. "ಅದು ಅಪ್ಪ ಜಗಿಯುವ ಅಡಿಕೆ ಅಮ್ಮ! ಇಷ್ಟು ವರ್ಷ ನಿಂತುಕೊಂಡು ಓದಿದ್ದು ನಾನು!"

ಅಮ್ಮ ಸೆರಗಿಗೆ ಕೈ ಒರೆಸಿಕೊಂಡರು. "ನೀನು ಓದಿದ್ದು ನಂಗೆ ಗೊತ್ತಿಲ್ವಾ? ನಿನ್ನ ಪುಸ್ತಕ ನಂಗೆ ಓದ್ಲಿಕ್ಕೆ ಬರುದಿಲ್ಲ. ಪರೀಕ್ಷೆಯ ಕೋಣೆಗೆ ನನ್ನನ್ನು ಬಿಡುದಿಲ್ಲ. ಹೊರಗೆ ಕೂತು ನಾನು ಎಂತ ಮಾಡ್ಬೇಕಿತ್ತು, ಹೇಳು?"

"ಏನೂ ಮಾಡಬೇಕಾಗಿರಲಿಲ್ಲ" ಎಂದೆ. ವಾದದಲ್ಲಿ ಗೆದ್ದೆ ಎಂದುಕೊಂಡೆ. ಈಗಲೂ ಕೇಳಿದರೆ ಅಡಿಕೆ ಅಡಿಕೆಯೇ ಎನ್ನುತ್ತೇನೆ. ಹಲಗೆಯ ಮೇಲಿಟ್ಟ ಮಾತ್ರಕ್ಕೆ ಅದಕ್ಕೆ ಸೊಂಡಿಲು ಬರುವುದಿಲ್ಲ.

ಖಾರಘರದಲ್ಲಿ ಮಗಳು ಒಳಗೆ ಹೋದಳು, ಗೇಟು ಹಾಕಿದರು. ಹೊರಗೆ ತಂದೆತಾಯಿಯರ ಜಾತ್ರೆ. ಒಬ್ಬರು ಗೇಟಿನ ಸರಳಿಗೆ ಹಣೆ ಹಚ್ಚಿದರು. ಸೂಟು ತೊಟ್ಟ ಇನ್ನೊಬ್ಬರು ಕಣ್ಣು ಮುಚ್ಚಿ ಏನೋ ಗೊಣಗುತ್ತಿದ್ದರು. ಕಲಿತವರ ಕಥೆಯೇ ಇಷ್ಟು ಎಂದು ನನಗೆ ನಗು. ಬೆಟ್ಟದ ಕಡೆಯಿಂದ ಬಿಸಿಗಾಳಿ ಬೀಸುತ್ತಿತ್ತು, ನಾಲಿಗೆ ಅಂಟುತ್ತಿತ್ತು.

ಮಗಳು ಹೊರಬಂದವಳೇ ನನ್ನ ಬ್ಯಾಗಿನಿಂದ ನೀರಿನ ಬಾಟಲಿ ಎಳೆದಳು. "ಅರೇ, ಯೇ ತೋ ಪೂರೀ ಭರೀ ಹೈ! ಇತನೀ ಗರ್ಮೀ ಮೇಂ ತೂನೇ ಪಿಯಾ ನಹೀಂ?"

ಬಾಟಲಿ ತುಂಬಿಯೇ ಇತ್ತು. ಅವಳು ಬರುವವರೆಗೆ ಒಂದು ಗುಟುಕೂ ಕುಡಿಯಬಾರದು ಎಂದುಕೊಂಡಿದ್ದೆ. ಗೇಟು ಹಾಕಿದ ಕೂಡಲೇ ಹಾಗೆ ಅಂದುಕೊಂಡದ್ದು. ಯಾರಿಗೂ ಹರಕೆ ಹೊತ್ತಿರಲಿಲ್ಲ, ಹೊರಲು ನನಗೆ ಯಾವ ದೇವರೂ ಇಲ್ಲ. ಕುಡಿದರೆ ಒಳಗೆ ಅವಳಿಗೆ ಒಂದು ಉತ್ತರ ತಪ್ಪಿಬಿಡುತ್ತದೆ ಅನ್ನಿಸಿತ್ತು, ಅಷ್ಟೆ.

"ಬಾಯಾರಿಕೆ ಆಗಲಿಲ್ಲ" ಎಂದೆ.

ಪೇಪರ್ ಚೆನ್ನಾಗಿ ಹೋಯಿತಂತೆ. ಬರೆದದ್ದೆಲ್ಲ ಅವಳೇ. ನನ್ನದೂ ಅದರಲ್ಲಿ ಒಂದು ಗುಟುಕಿನಷ್ಟು ಪಾಲಿದೆ ಎಂದು ಬಾಯಿ ಬಿಡಲಿಲ್ಲ. ಕೇಳಿದರೆ ಬೀದಿಯಲ್ಲೇ ಕೂಗಾಡಿಯಾಳು.