ಚೆಂಡು ಕೈತಪ್ಪಿದ ಗಳಿಗೆ ಹುಡುಕುವ ನಿರುಪಮಾ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಮೆರಿಕದ ಎಮರಿವಿಲ್ ಎಂಬ ಊರಿನಲ್ಲಿ, ಹಿಂದೆ ಬಣ್ಣದ ಗೋದಾಮಾಗಿದ್ದ ಕಟ್ಟಡದ ಒಳಕೋಣೆಯಲ್ಲಿ, ನೆಲಕ್ಕೆ ಬಿದ್ದವರೆಲ್ಲ ಒಬ್ಬೊಬ್ಬರಾಗಿ ಮೇಲೇಳುತ್ತಿದ್ದಾರೆ. ಒಬ್ಬ ಎದೆಗವಚಿಕೊಂಡಿದ್ದ ಚೆಂಡು ತಾನಾಗಿಯೇ ಕಳಚಿಕೊಂಡು, ಗಾಳಿಯಲ್ಲಿ ಹಿಂದು ಹಿಂದಕ್ಕೆ ತೇಲಿ, ಎಸೆದವನ ಕೈಗೆ ಹೋಗಿ ಕೂರುತ್ತದೆ. ಕೂಗಿಲ್ಲ, ಚಪ್ಪಾಳೆಯಿಲ್ಲ, ಪ್ರೊಜೆಕ್ಟರಿನ ಟಕಟಕ ಮಾತ್ರ. ಪರದೆಯೆದುರು ಸ್ವೆಟರಿನ ಮೇಲೊಂದು ಶಾಲು ಹೊದ್ದು ಕೂತ ನಿರುಪಮಾ "ಇಲ್ಲಿ" ಎಂದು ತಮಗೆ ತಾವೇ ಹೇಳಿಕೊಂಡು ಗುಂಡಿ ಒತ್ತುತ್ತಾರೆ. ಮೇಲೇಳುತ್ತಿದ್ದವರು ಅರ್ಧಕ್ಕೇ ನಿಂತುಬಿಡುತ್ತಾರೆ.

ಅಮೆರಿಕದವರ ಫುಟ್‌ಬಾಲು ನಮ್ಮ ಕಾಲ್ಚೆಂಡಲ್ಲ. ಅಲ್ಲಿ ಚೆಂಡು ಕೈಯಲ್ಲಿರುತ್ತದೆ. ಕ್ವಾರ್ಟರ್‌ಬ್ಯಾಕ್ ಎಂಬವನು ಅದನ್ನು ತನ್ನವರಿಗೆ ಎಸೆಯಬೇಕು. ನಡುವೆ ಎದುರಾಳಿ ಬಾಚಿಕೊಂಡರೆ ಅದಕ್ಕೆ ಟರ್ನೋವರು ಎನ್ನುತ್ತಾರೆ. ಲಕ್ಷಾಂತರ ಜನ ಭಾನುವಾರ ಬಾಯಿ ಬಾಯಿ ಬಡಿದುಕೊಳ್ಳುವುದು ಇದಕ್ಕೇ. ಹಾಗೆ ಹೋದ ಚೆಂಡು ಯಾರ ತಪ್ಪಿನಿಂದ ಹೋಯಿತು ಎಂದು ಪತ್ತೆ ಹಚ್ಚಿ ಅಂಕಿ ಅಂಶ ಮಾಡಿ ತಂಡಗಳಿಗೆ ಮಾರುವ ಒಂದು ಪುಟ್ಟ ಕಂಪನಿ ಈ ಗೋದಾಮಿನಲ್ಲಿದೆ. ಪತ್ತೆ ಹಚ್ಚುವವರು ಮೈಸೂರಿನ ಈ ಹೆಣ್ಣುಮಗಳು ಎಂಬುದು ಆ ಲಕ್ಷಾಂತರದಲ್ಲಿ ಒಬ್ಬರಿಗೂ ಗೊತ್ತಿಲ್ಲ.

ಅವರ ಕ್ರಮವೇ ಬೇರೆ. ರೀಲನ್ನು ಮುಂದಕ್ಕೆ ಓಡಿಸುವುದೇ ಇಲ್ಲ. ಚೆಂಡು ಎದುರಾಳಿಯ ಕೈಲಿರುವ ಚಿತ್ರದಿಂದ ಶುರುಮಾಡಿ, ತಪ್ಪು ಹುಟ್ಟಿದ ಗಳಿಗೆಯವರೆಗೆ ಹಿಂದಕ್ಕೆ ನಡೆಯುತ್ತಾರೆ. "ಮುಂದಕ್ಕೆ ನೋಡಿದ್ರೆ ಕೊನೇಲಿ ಎಡವಿದೋನೇ ಕಣ್ಣಿಗೆ ಬೀಳೋದು. ಹಿಂದಕ್ಕೆ ನೋಡಿ, ಬೇರೆ ಯಾರೋ ಆಗ್ಲೇ ಕೆಡಿಸಿರ್ತಾನೆ" ಎನ್ನುತ್ತಾರೆ. ಒಂದೊಂದು ಎಸೆತವನ್ನು ಹತ್ತು ಹದಿನೈದು ಸಲವಾದರೂ ಓಡಿಸಿ, ಕೊನೆಗೆ ಮೂರರಲ್ಲಿ ಒಂದು ಗುರುತು ಹಾಕುತ್ತಾರೆ: ಎಸೆದವನ ತಪ್ಪು, ಹಿಡಿಯಬೇಕಾದವನ ತಪ್ಪು, ಯಾರ ತಪ್ಪೂ ಅಲ್ಲ. ಈ ಕೊನೆಯದನ್ನು ಅದೃಷ್ಟದ ಖಾತೆಗೆ ಹಾಕಿ ತಪ್ಪಿನ ಲೆಕ್ಕದಿಂದ ಬಿಡುತ್ತಾರೆ.

ಗಂಡ ವ್ಯಾಸರಾಜರ ಜೊತೆ ಇಲ್ಲಿಗೆ ಹತ್ತಿರದ ಯೂನಿಯನ್ ಸಿಟಿಗೆ ಬಂದಾಗ ನಿರುಪಮಾರಿಗೆ ಈ ಆಟದ ಗಂಧಗಾಳಿ ಇರಲಿಲ್ಲ. ಅಪ್ಪ ಮೈಸೂರಿನ ಕ್ಲಬ್ಬು ಪಂದ್ಯಗಳಿಗೆ ಸ್ಕೋರು ಬರೆಯುತ್ತಿದ್ದವರು, ಪಕ್ಕದಲ್ಲಿ ಕೂತು ಕಲಿತ ಶ್ರದ್ಧೆ ಮಾತ್ರ ಜೊತೆಗಿತ್ತು. ಬಿ.ಎಸ್ಸಿ. ಪದವಿಯನ್ನು ಇಲ್ಲಿ ಯಾರೂ ಮೂಸಿ ನೋಡಲಿಲ್ಲ. ಒಂದು ಡೇಕೇರಿನಲ್ಲಿ ಮಕ್ಕಳ ಮೂಗೊರೆಸಿದರು, ಗ್ರೋಸರಿ ಅಂಗಡಿಯಲ್ಲಿ ನಿಂತು ಕಾಲು ಊದಿಸಿಕೊಂಡರು. ಆಮೇಲೆ ಈ ಕಂಪನಿಯ ಕಂಪ್ಯೂಟರು ನೋಡಿಕೊಳ್ಳುವ ಶೇಷಗಿರಿ, ಯುಗಾದಿ ಊಟದ ಪಂಕ್ತಿಯಲ್ಲಿ ಸಿಕ್ಕವರು, "ಕತ್ತಲೆ ರೂಮಲ್ಲಿ ಒಬ್ರೇ ಕೂರೋ ಕೆಲ್ಸ, ಆಗುತ್ತಾ?" ಎಂದು ಕೇಳಿದರು. ಆಗುತ್ತೆ ಎಂದರು. ನಸುಕಿನ ಟ್ರೇನು, ಆಮೇಲೊಂದು ಬಸ್ಸು. ಇಳಿದು ಬರುವ ದಾರಿಯಲ್ಲಿ, ಹೆದ್ದಾರಿ ಪಕ್ಕದ ಕಡಲ ಕೆಸರಿನಲ್ಲಿ, ತೇಲಿಬಂದ ಮರದ ತುಂಡುಗಳಿಂದ ಯಾರೋ ಮಾಡಿಟ್ಟ ಬೊಂಬೆಗಳು ಮಂಜಿನಲ್ಲಿ ನಿಂತಿರುತ್ತವೆ. "ದಿನಕ್ಕೊಂದು ಜಾಗದಲ್ಲಿ ನಿಂತಿರೋ ಹಾಗೆ ಕಾಣೋದು ಕಣ್ರೀ. ತಲೆ ತಗ್ಗಿಸ್ಕೊಂಡು ಬಂದ್ಬಿಡ್ತಿದ್ದೆ."

ಆದರೆ ಅವರ ನಿದ್ದೆ ಕೆಡಿಸಿದ್ದು ಬೊಂಬೆಗಳಲ್ಲ, ಕಳೆದ ವರ್ಷ, ಎಂಬತ್ನಾಲ್ಕರ ಅಕ್ಟೋಬರಿನಲ್ಲಿ ಬಂದ ಒಂದು ಡಬ್ಬಿ ರೀಲು.

ಒಬ್ಬ ಕ್ವಾರ್ಟರ್‌ಬ್ಯಾಕಿನ ಅಲ್ಲಿಯವರೆಗಿನ ಟರ್ನೋವರುಗಳೆಲ್ಲ ಅದರಲ್ಲಿದ್ದವು. ಹೆಸರು ಬೇಡ ಎನ್ನುತ್ತಾರೆ ನಿರುಪಮಾ. ಅವರ ಬಾಯಲ್ಲಿ ಅವನು 'ಆ ಹುಡುಗ'. ರೀಲು ಕಳಿಸಿದ್ದು ಅವನ ತಂಡವಲ್ಲ, ಮುಂದಿನ ಭಾನುವಾರ ಅವನೆದುರು ಆಡಬೇಕಿದ್ದ ತಂಡ. ಅವನು ಎಲ್ಲಿ ಸೋಲುತ್ತಾನೆ ಎಂದು ಬುಧವಾರ ಮಧ್ಯಾಹ್ನದೊಳಗೆ ಹೇಳಬೇಕಿತ್ತು. ನಿರುಪಮಾ ಎಂದಿನಂತೆ ಹಿಂದಕ್ಕೆ ಓಡಿಸಿದರು. ತಪ್ಪಿನ ಬೇರು ಸಿಗಲಿಲ್ಲ. ಹುಡುಗ ಗಾಬರಿಯಾಗಿಲ್ಲ, ಕಾಲು ಜಾರಿಲ್ಲ, ಯಾರೂ ತಳ್ಳಿಲ್ಲ. ಎಡಗಡೆ ಎದುರಾಳಿ ನಿಂತಿದ್ದಾನೆ, ಹುಡುಗ ನೆಮ್ಮದಿಯಾಗಿ ಅವನ ಕೈಗೇ ಚೆಂಡು ಎಸೆಯುತ್ತಾನೆ. ಇನ್ನೊಂದು ಪಂದ್ಯ, ಅದೇ. ಮತ್ತೊಂದು, ಅದೇ. ಅಲ್ಲಿ ಯಾರೂ ಇಲ್ಲವೇ ಇಲ್ಲ ಎಂಬಂತೆ.

"ಮೈ ಜುಮ್ ಅಂತು. ಆ ನಿಂತಿರೋನು ನಿಜವಾಗ್ಲೂ ಇದಾನಾ, ನನಗೊಬ್ಬಳಿಗೇ ಕಾಣ್ತಿದಾನಾ ಅಂತ ಪರದೆ ಹತ್ರ ಹೋಗಿ ಬೆರಳಿಟ್ಟು ನೋಡ್ದೆ."

ಶೇಷಗಿರಿ ಮೊದಲು ನಕ್ಕರು. ನಾಣ್ಯ ಚಿಮ್ಮಿದರೂ ಒಂದೇ ಕಡೆ ನಾಲ್ಕೈದು ಸಲ ಬೀಳುವುದಿದೆ, ಆಮೇಲೆ ಸಮನಾಗುತ್ತದೆ ಎಂದರು. ಹಾಗೆಂದವರೇ ಹೋಗಿ ಲೆಕ್ಕ ಹಾಕಿ, ಮುಖ ಸಪ್ಪೆ ಮಾಡಿಕೊಂಡು ಬಂದರು. ಹುಡುಗ ಬಲಕ್ಕೆ ಎಸೆಯುವುದೇ ಹೆಚ್ಚು, ಕಳೆದುಕೊಳ್ಳುವುದು ಮಾತ್ರ ಹೆಚ್ಚುಕಡಿಮೆ ಎಲ್ಲವೂ ಎಡಕ್ಕೆ. ಅದೂ ಸೆಪ್ಟೆಂಬರಿನ ಕೊನೆಯಿಂದೀಚೆಗೆ. "ಇದು ನಾಣ್ಯ ಅಲ್ಲ ನಿರುಪಮಾ ಅವ್ರೆ. ಏನೋ ಇದೆ."

ಆಗ ನಿರುಪಮಾರಿಗೆ ಸೋದರತ್ತೆ ಸತ್ಯವತಿಯವರ ನೆನಪಾಯಿತು. ಕೊನೆಗಾಲದಲ್ಲಿ ಅವರು ಬಾಳೆಲೆಯ ಬಲಗಡೆಯಷ್ಟನ್ನೇ ಊಟ ಮಾಡಿ ಏಳುತ್ತಿದ್ದರು. ಎಡಗಡೆ ಬಡಿಸಿದ್ದೆಲ್ಲ ಹಾಗೇ ಇರುತ್ತಿತ್ತು. ಮೇಲಿಂದ, "ನನಗೊಬ್ಬಳಿಗೆ ಉಪ್ಪಿನಕಾಯಿ ಹಾಕ್ಲಿಲ್ಲ ನೋಡು" ಎಂಬ ದೂರು ಬೇರೆ. ಮನೆಮಂದಿಯೆಲ್ಲ ನಗುತ್ತಿದ್ದರು. ತಲೆಯೊಳಗೆ ಗಡ್ಡೆಯಿತ್ತೆಂದು ಗೊತ್ತಾದದ್ದು, ರಸ್ತೆ ದಾಟುವಾಗ ಎಡದಿಂದ ಬಂದ ಜಟಕಾ ಬಂಡಿ ಬಡಿದು ಆಸ್ಪತ್ರೆ ಸೇರಿದ ಮೇಲೆ. ಅವರು ಉಳಿಯಲಿಲ್ಲ.

ಈಗ ಏನು ಮಾಡುವುದು? ಇದ್ದದ್ದನ್ನು ಇದ್ದಂತೆ ಹೇಳಿದರೆ ಭಾನುವಾರ ಎದುರಾಳಿಗಳು ಅವನ ಎಡಗಡೆಯಿಂದಲೇ ನುಗ್ಗುತ್ತಾರೆ. ಆಳೊಬ್ಬೊಬ್ಬ ಕೋಣದಷ್ಟಿರುತ್ತಾನೆ, ಬರುವುದು ಕಾಣದವನ ಕತ್ತು ಮುರಿಯಲು ಒಂದು ಗುದ್ದು ಸಾಕು. ಹೇಳದೆ ಸುಮ್ಮನಿದ್ದರೂ ಅವನು ಎಡಕ್ಕೆ ಕುರುಡಾಗಿಯೇ ಮೈದಾನಕ್ಕಿಳಿಯುತ್ತಾನೆ. 

ಬುಧವಾರ ಬೆಳಿಗ್ಗೆ ಶೇಷಗಿರಿಯ ಕಾರಿನಲ್ಲಿ ಸೇತುವೆ ದಾಟಿ ಅವನ ತಂಡದ ಅಭ್ಯಾಸದ ಮೈದಾನಕ್ಕೆ ಹೋದರು. ಬೇಕೆಂದೇ ಕುಂಕುಮ ಬಣ್ಣದ ಸೀರೆ ಉಟ್ಟಿದ್ದರು. ಗೇಟಿನ ಬಳಿ, ಬರುವವರ ಎಡಕ್ಕೆ ನಿಂತರು. ಮಂಜಿನಿಂದ ಆಟಗಾರರು ಒಬ್ಬೊಬ್ಬರೇ ಹೊರಬಂದರು, ಪ್ರತಿಯೊಬ್ಬನೂ ಈ ಸೀರೆಯನ್ನು ತಿರುಗಿ ತಿರುಗಿ ನೋಡಿದ. ಹುಡುಗ ಬಂದ. ಅವನ ತೋಳು ಇವರ ಸೆರಗಿಗೆ ತಾಗುವಷ್ಟು ಹತ್ತಿರ ಬಂದ. ಕೈ ಆಡಿಸಿದರು. ಅವನು ರೆಪ್ಪೆ ಕೂಡ ಮಿಟುಕಿಸದೆ ನಡೆದ.

"ಒಂದು ಗಳಿಗೆ ನಾನೇ ಸತ್ತು ದೆವ್ವ ಆಗಿದೀನೇನೋ ಅನ್ನಿಸ್ಬಿಡ್ತು."

"ಎಕ್ಸ್‌ಕ್ಯೂಸ್ ಮಿ" ಎಂದರು. ಹುಡುಗ ಹೌಹಾರಿ ಹೆಲ್ಮೆಟ್ಟು ಕೆಳಗೆ ಹಾಕಿದ. ಎಲ್ಲಿಂದ ಬಂದಿರಿ ಎಂದು ಕೇಳಿದ. ಇಲ್ಲೇ ಇದ್ದೆ ಎಂದರು. ಅವನ ಮುಖ ಬಿಳಿಚಿತು. ಆಮೇಲೆ ಅವನು ಪಿಸುಗುಟ್ಟಿದ್ದನ್ನು ನಿರುಪಮಾ ಕನ್ನಡದಲ್ಲಿ ಹೀಗೆ ಹೇಳುತ್ತಾರೆ: "ಗಾಳಿಯಿಂದ ಮನುಷ್ಯರು ಹುಟ್ಟಿ ಬರ್ತಾರೆ. ಹೆಂಡತಿಗೂ ಹೇಳಿಲ್ಲ. ಇದೊಂದು ಭಾನುವಾರ ಆಡ್ಕೋತೀನಿ, ಯಾರಿಗೂ ಹೇಳ್ಬೇಡಿ." ನಿರುಪಮಾ ತಮಗೆ ಬಂದ ಇಂಗ್ಲಿಷಿನಲ್ಲಿ ಸೋದರತ್ತೆಯ ಊಟದೆಲೆಯ ಕತೆ ಹೇಳಿದರು, ಜಟಕಾ ಬಂಡಿಯದನ್ನೂ ಮುಚ್ಚಿಡಲಿಲ್ಲ. ನಾನು ಹೇಳುವುದಿಲ್ಲ, ನೀನೇ ಡಾಕ್ಟರಿಗೆ ಹೇಳು ಎಂದರು. ಹುಡುಗ ಹೆಲ್ಮೆಟ್ಟು ಎತ್ತಿಕೊಂಡು ಮಂಜಿನೊಳಗೆ ಹೋದ.

ಆಫೀಸಿಗೆ ವಾಪಸು ಬಂದು, ಎಡಗಡೆಯ ಅಷ್ಟೂ ಎಸೆತಗಳಿಗೆ 'ಯಾರ ತಪ್ಪೂ ಅಲ್ಲ' ಎಂದು ಗುರುತು ಹಾಕಿದರು. ಎದುರಾಳಿಗಳಿಗೆ ಹೋದ ವರದಿಯಲ್ಲಿ ಹುಡುಗನಿಗೆ ಎಡಬಲದ ದೋಷವಿಲ್ಲ, ಬರೀ ನಸೀಬು ಖೋಟಾ ಎಂದಾಯಿತು.

ಭಾನುವಾರ ಮನೆಯಲ್ಲಿ ಟಿ.ವಿ. ಹಾಕಗೊಡಲಿಲ್ಲ. ಸೋಮವಾರ ಬೆಳಗಿನ ಜಾವ ರೀಲು ಬಂತು. ಅದನ್ನು ಹಿಂದಕ್ಕೆ ಓಡಿಸಲು ಕೈ ಬರಲಿಲ್ಲ. ಹುಡುಗ ನೆಲದ ಮೇಲೆ ಬಿದ್ದಿರುವ ಚಿತ್ರದಿಂದಲೇ ಶುರುವಾದರೆ? ದೇವರನ್ನು ನೆನೆದು ಮೊದಲಿನಿಂದ ಮುಂದಕ್ಕೆ ಓಡಿಸಿದರು. ಅವನ ಜಾಗದಲ್ಲಿ ಯಾರೋ ಹೊಸಬ ತಡಬಡಾಯಿಸುತ್ತಿದ್ದ. ಎದ್ದು ದೀಪ ಹಾಕಿ, ಕುರ್ಚಿಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತರು. ಹುಡುಗ ಶನಿವಾರ ತಾನೇ ಡಾಕ್ಟರ ಬಳಿ ಹೋಗಿದ್ದನಂತೆ. ಆಪರೇಷನ್ ಆಯಿತು. ಮತ್ತೆ ಆಡಲಿಲ್ಲ, ಆದರೆ ಬದುಕಿದ್ದಾನೆ.

ವರ್ಷದ ಕೊನೆಗೆ ಕಂಪನಿಯ ಪಟ್ಟಿ ಹೊರಬಿದ್ದಾಗ ಅಷ್ಟು ದುರದೃಷ್ಟದ ಕ್ವಾರ್ಟರ್‌ಬ್ಯಾಕ್ ಇನ್ನೊಬ್ಬನಿರಲಿಲ್ಲ. ಆಟದ ಪಂಡಿತರು ಅದರ ಮೇಲೆ ಚರ್ಚೆಯನ್ನೂ ಮಾಡಿದರು. ತಿದ್ದೋಣವೇ ಎಂದು ಶೇಷಗಿರಿ ಕೇಳಿದ್ದುಂಟು, ನಿರುಪಮಾ ಬೇಡವೆಂದರು. ಇದನ್ನೆಲ್ಲ ಪತ್ರಿಕೆಯಲ್ಲಿ ಹಾಕಿದರೆ ತೊಂದರೆಯಾಗುವುದಿಲ್ಲವೇ ಎಂದರೆ ನಗುತ್ತಾರೆ. "ಕನ್ನಡದಲ್ಲಿ ತಾನೆ? ಬರ್ಕೊಳ್ಳಿ. ಈ ಕೆಲ್ಸಕ್ಕೆ ಸೇರಿದ ಮೇಲೆ ಒಂದು ಗುರುತೂ ಸುಳ್ಳು ಹಾಕಿಲ್ಲ ನಾನು. ಆ ವಾರದ್ದು ಮಾತ್ರ ಪೂರ್ತಿ ಸುಳ್ಳು. ಅದು ಹಾಗೇ ಇರ್ಲಿ ಬಿಡಿ."