ಫುಮಿಕೊ ಒಬ್ಬರೇ ಉಣ್ಣಲಿಲ್ಲ

ಕೋವಿಡ್ ನಿರ್ಬಂಧಗಳೆಲ್ಲ ತೆರವಾಗಿ ವಿಮಾನಗಳು ಮೊದಲಿನಂತೆ ಓಡಾಡತೊಡಗಿದ ವರ್ಷ. ನಾನಾಗ ರಿಯಾದ್‌ನ ಮಲಾಜ್‌ನಲ್ಲಿ ಒಂದು ಖಾಸಗಿ ಆಸ್ಪತ್ರೆಯ ಹಿರಿಯ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ನಮ್ಮದು ಮಕ್ಕಳಿಗೆ ಮಾತು ಕಲಿಸುವ ಕೆಲಸವೆಂದೇ ಹೆಚ್ಚಿನವರು ತಿಳಿದಿದ್ದಾರೆ. ಪಾರ್ಶ್ವವಾಯು ಬಡಿದವರ ಮಾತು ಎಷ್ಟು ಉಳಿದಿದೆ, ಅವರು ಅನ್ನ ನೀರು ನುಂಗಬಲ್ಲರೇ ಎಂದು ನೋಡುವವರೂ ನಾವೇ.

ಫುಮಿಕೊ ಅವರನ್ನು ನನ್ನ ಬಳಿ ಕಳಿಸಿದ್ದು ಈ ಎರಡಕ್ಕೂ. ವಯಸ್ಸು ಎಂಬತ್ತಾರು. ಹವಾಯಿಯಲ್ಲಿ ಹುಟ್ಟಿ ಬೆಳೆದ ಜಪಾನಿ ಮೂಲದ ಅಮೆರಿಕನ್, ನಿವೃತ್ತ ಇಂಗ್ಲಿಷ್ ಶಿಕ್ಷಕಿ. ಅದೇ ಊರಿನ ಒಲಾಯಾದ ಕಚೇರಿಯೊಂದರಲ್ಲಿ ಆರ್ಕಿಟೆಕ್ಟ್ ಆಗಿದ್ದ ಮಗ ಕೆನ್‌ನನ್ನು ನೋಡಲು ಬಂದವರು ಇಲ್ಲಿಯೇ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದರು. ಬಲಗೈ ಸೋತಿತ್ತು. ಅಷ್ಟೇ ಅಲ್ಲ, ಬದುಕಿಡೀ ಕಲಿಸಿದ ಇಂಗ್ಲಿಷ್ ಪೂರ್ತಿ ಹೋಗಿತ್ತು. ಮಿದುಳಿಗೆ ಪೆಟ್ಟಾಗಿ ಭಾಷೆ ಕೈಕೊಡುವುದನ್ನು ಅಫೇಸಿಯಾ ಎನ್ನುತ್ತೇವೆ. ಹಲವು ಭಾಷೆ ಬಲ್ಲವರಲ್ಲಿ ಕೆಲವೊಮ್ಮೆ ಒಂದು ಹೋಗಿ ಇನ್ನೊಂದು ಉಳಿಯುವುದುಂಟು. ಇವರಲ್ಲಿ ಉಳಿದದ್ದು ಜಪಾನಿಯಂಥ ಯಾವುದೋ ಮಾತು. ಕೆನ್‌ಗೆ ಅದು ಒಂದಕ್ಷರವೂ ಬಾರದು. ಅವನ ಕಚೇರಿಯ ಜಪಾನಿ ಸಹೋದ್ಯೋಗಿಯನ್ನು ಕರೆಸಿದೆವು. ಅರ್ಧ ಹಳೆಯ ಕಾಲದ ಹಳ್ಳಿಯ ನುಡಿ, ಉಳಿದರ್ಧ ಜಪಾನಿಯೇ ಅಲ್ಲ ಎಂದು ಆಕೆ ಕೈಚೆಲ್ಲಿದರು.

ಅದಕ್ಕಿಂತ ದೊಡ್ಡ ಚಿಂತೆ ಊಟದ್ದು. ತಟ್ಟೆ ಇಟ್ಟರೆ ಫುಮಿಕೊ ತುಟಿ ಬಿಗಿದು, ಎಡಗೈಯಿಂದ ಅದನ್ನು ಎದುರಿಗಿದ್ದವರ ಕಡೆ ದೂಡಿ, "ಕೌಕೌ" ಎನ್ನುತ್ತಿದ್ದರು. ನುಂಗುವಿಕೆಯನ್ನು ಎಕ್ಸ್‌ರೇ ವಿಡಿಯೋದಲ್ಲಿ ನೋಡಿದೆ, ತೊಂದರೆಯೇನೂ ಕಾಣಲಿಲ್ಲ. ದಿನೇ ದಿನೇ ಸೊರಗುತ್ತಿದ್ದರು. ಹೊಟ್ಟೆಗೆ ರಂಧ್ರ ಮಾಡಿ ಕೊಳವೆಯಲ್ಲಿ ಆಹಾರ ಕೊಡುವುದೊಂದೇ ದಾರಿ ಎಂದು ವೈದ್ಯರು ಕೆನ್‌ನ ಒಪ್ಪಿಗೆ ಕೇಳಿದರು.

ಅವನು ನನ್ನ ಕೋಣೆಗೆ ಬಂದು ಕೂತ. "ಅಮ್ಮ ಸಾಯಬೇಕೆಂದೇ ಊಟ ಬಿಟ್ಟಿದ್ದಾರಾ? ಹಾಗಾದರೆ ನಾನು ಕೊಳವೆ ಹಾಕಿಸುವುದು ಸರಿಯೇ?"

ಅವನನ್ನು ಕರೆದುಕೊಂಡು ವಾರ್ಡಿಗೆ ಹೋದೆ.

ಆ ವಾರ್ಡಿನ ನರ್ಸ್ ಉಳ್ಳಾಲದ ಜುಬೈದಾ. ಅವಳಿಗೆ ಬೇರೆಯೇ ಅನಿಸಿತ್ತು. "ಲವೀನಕ್ಕ, ಇವರು ಸಿಟ್ಟಲ್ಲಿ ದೂಡುದಲ್ಲ ಮಾರಾಯ್ರೆ. ನಮಗೆ ಕೊಡುದು. 'ನೀವೂ ತಿನ್ನಿ' ಹೇಳುವ ಹಾಗೆ ಉಂಟು" ಎಂದಳು. ಹೇಳುತ್ತಲೇ ಬಾಂಗ್ಲಾದೇಶದ ಕ್ಲೀನರ್‌ಗೆ ಅರಬ್ಬಿ, ಹಿಂದಿ, ಇಂಗ್ಲಿಷ್ ಮೂರನ್ನೂ ಕಲಸಿ ಏನೋ ಕೆಲಸ ಹೇಳಿದಳು. ದಿನವೂ ನಾನೂ ಆಡುವ ಮಾತೇ ಅದು. ಅಂದು ಮಾತ್ರ ಕಿವಿಗೆ ಹೊಸದಾಗಿ ಬಿತ್ತು. ನಾಲ್ಕು ದೇಶದ ದುಡಿಯುವವರು ಒಂದೆಡೆ ಸೇರಿದರೆ ಹುಟ್ಟುವ ಭಾಷೆ! ಫುಮಿಕೊ ಬಾಯಲ್ಲಿರುವುದೂ ಅಂಥದ್ದೇ ಇರಬಹುದಲ್ಲ?

ಅಮ್ಮ ಹುಟ್ಟಿದ್ದು ಎಲ್ಲಿ ಎಂದು ಕೆನ್‌ನನ್ನು ಕೇಳಿದೆ. ಕಬ್ಬಿನ ತೋಟದ ಕೂಲಿ ಲೈನಿನ ಸಾಲುಮನೆಯಲ್ಲಿ ಎಂದಷ್ಟೇ ಅವನಿಗೆ ಗೊತ್ತಿತ್ತು. ಆ ಬಗ್ಗೆ ಅವರು ಮಾತೇ ಎತ್ತುತ್ತಿರಲಿಲ್ಲವಂತೆ. ಹವಾಯಿಯಲ್ಲಿ ಅವರ ಅಕ್ಕ ಹಾರುಕೊ ಇದ್ದರು, ತೊಂಬತ್ತು ದಾಟಿದವರು. ನಮ್ಮ ಬೆಳಿಗ್ಗೆ ಅಲ್ಲಿ ಹಿಂದಿನ ದಿನದ ಸಂಜೆ. ಆ ಹೊತ್ತಿಗೆ ವಿಡಿಯೋ ಕರೆ ಮಾಡಿದೆವು.

ತಂಗಿಯ ಬಾಯಿಂದ "ಕೌಕೌ" ಕೇಳಿದೊಡನೆ ಹಾರುಕೊ ಮುಖ ಮುಚ್ಚಿಕೊಂಡು ನಕ್ಕರು, ಆಮೇಲೆ ಅತ್ತರು. ಕೌಕೌ ಎಂದರೆ ಊಟ. ಜಪಾನಿ, ಚೀನೀ, ಫಿಲಿಪಿನೋ, ಪೋರ್ಚುಗೀಸ್ ಕೂಲಿಗಳೆಲ್ಲ ಆಡುತ್ತಿದ್ದ ಮಾತು ಎಂದು ಇಂಗ್ಲಿಷಿನಲ್ಲಿ ವಿವರಿಸಿದರು. ಅಪ್ಪ ಹಡಗಿನಲ್ಲಿ ಬಂದು ಕಬ್ಬು ಕಡಿಯಲು ನಿಂತವರು. ಅಮ್ಮ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಕಬ್ಬಿನ ಒಣ ಸೋಗೆ ಸುಲಿದವರು. ಸಂಜೆಗೆ ಲೈನಿನವರೆಲ್ಲರಿಗೂ ಒಂದೇ ಬಿಸಿನೀರ ಸ್ನಾನದ ಮನೆ. ಮಧ್ಯಾಹ್ನ ಗದ್ದೆಯಲ್ಲಿ ಎರಡಂತಸ್ತಿನ ಡಬ್ಬಿ ಬಿಚ್ಚಿ, ಕೆಳಗಿನ ಅನ್ನ ತಮಗಿಟ್ಟುಕೊಂಡು, ಮೇಲಿನ ಪಲ್ಯವನ್ನು ನಡುವೆ ಇಡುವರು. ಯಾರದನ್ನು ಯಾರಾದರೂ ತೆಗೆದುಕೊಳ್ಳಬಹುದು. "ಒಬ್ಬರೇ ತಿಂದರೆ ಅಮ್ಮ ಬೈಯುತ್ತಿದ್ದಳು. ನೀವೆಲ್ಲ ನಿಂತುಕೊಂಡು ತಂಗಿಯೊಬ್ಬಳಿಗೇ ಉಣಿಸಲು ಹೋದಿರಾ?" ಎಂದು ಕೇಳಿದರು.

ಅಂದು ಮಧ್ಯಾಹ್ನ ನಾವು ಮೂವರೂ ಹಾಸಿಗೆಯ ಸುತ್ತ ಕುರ್ಚಿ ಎಳೆದುಕೊಂಡು ಕೂತೆವು. ಜುಬೈದಾಳ ನೀರುದೋಸೆ, ನನ್ನ ಮೀನು ಗಸಿ, ಕೆನ್ ಕ್ಯಾಂಟೀನಿನಿಂದ ತಂದ ಕೋಳಿ ಅನ್ನ, ಆಸ್ಪತ್ರೆಯ ಬೇಯಿಸಿದ ಕುಂಬಳಕಾಯಿ ಎಲ್ಲವನ್ನೂ ನಡುವೆ ಇಟ್ಟೆವು. ಫುಮಿಕೊ ಒಂದೊಂದೇ ಡಬ್ಬಿಯನ್ನು ನೋಡಿದರು. ಎಡಗೈಯಿಂದ ಕುಂಬಳಕಾಯಿಯನ್ನು ಮೊದಲು ಜುಬೈದಾಳಿಗೆ, ಮತ್ತೆ ನನಗೆ, ಕೊನೆಗೆ ಮಗನಿಗೆ ಬಡಿಸಿದರು. ಆಮೇಲೆ ನೀರುದೋಸೆಯ ಒಂದು ಚೂರು ಹರಿದು ಬಾಯಿಗಿಟ್ಟುಕೊಂಡರು.

ನನ್ನ ಕಣ್ಣು ಅಭ್ಯಾಸಬಲದಿಂದ ಅವರ ಗಂಟಲ ಮೇಲಿತ್ತು. ಅದು ಮೇಲೇರಿ ಇಳಿಯಿತು. ಎಷ್ಟೋ ಗಂಟಲುಗಳನ್ನು ನೋಡಿದವಳು ನಾನು. ಅಂದು ಮಾತ್ರ ನೋಡುವುದನ್ನು ಬಿಟ್ಟು ನಾನೂ ಉಣ್ಣತೊಡಗಿದೆ. ಪಾಠ ಹೇಳಿದ ಅಷ್ಟೂ ವರ್ಷಗಳ ಇಂಗ್ಲಿಷನ್ನು ಒರೆಸಿಹಾಕಿದ ಪಾರ್ಶ್ವವಾಯು, ಹಂಚಿ ಉಣ್ಣುವ ಆ ಪದ್ಧತಿಯನ್ನು ಮುಟ್ಟಿರಲಿಲ್ಲ. ಕೆನ್ ಅಮ್ಮ ಬಡಿಸಿದ ಕುಂಬಳಕಾಯಿ ತಿನ್ನುತ್ತಿದ್ದ. ಎಂದೂ ಕಾಣದ ಅಜ್ಜ ಅಜ್ಜಿಯ ಪಂಕ್ತಿಯಲ್ಲಿ ಅವನು ಆ ದಿನ ಮೊದಲ ಬಾರಿ ಕೂತಿದ್ದ.

ಕೊಳವೆಯ ಮಾತು ಅಲ್ಲಿಗೇ ನಿಂತಿತು. ಕೆಲವು ಇಂಗ್ಲಿಷ್ ಪದಗಳು ಮರಳಿದ ಮೇಲೆ ಫುಮಿಕೊ ಗಾಲಿಕುರ್ಚಿಯಲ್ಲಿ ಹವಾಯಿಗೆ ಹೊರಟರು, ಮಗನೂ ಜೊತೆಗೆ ಹೋದ.

ಈಗ ಊಟ ಬಿಟ್ಟ ರೋಗಿ ಬಂದರೆ ಗಂಟಲಿಗೆ ಟಾರ್ಚ್ ಹಿಡಿಯುವ ಮೊದಲು ನಾನು ಮನೆಯವರನ್ನು ಕೇಳುವುದು ಒಂದೇ: ಚಿಕ್ಕಂದಿನಲ್ಲಿ ಇವರು ಯಾರ ಜೊತೆ ಕೂತು ಉಣ್ಣುತ್ತಿದ್ದರು?